ಹಳೆಯ ರೈಲು ನಿಲ್ದಾಣದ ಮಾದರಿ: ಅಳತೆ ಎಲ್ಲಿಂದ ತರಬೇಕು?

ಮೈಸೂರು ಕಡೆಯ ಹಳೆಯ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ ಮಾರ್ಗ) ನಿಲ್ದಾಣವೊಂದನ್ನು ಮೇಜಿನ ಮೇಲೆ ಕಟ್ಟಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಪ್ಲಾನ್ ಎಲ್ಲಿ ಸಿಗುತ್ತೆ?" ನಾನೂ ಹಾಗೇ ಶುರು ಮಾಡಿದ್ದು. ಈಗ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: "ಯಾವ ವರ್ಷದ ನಿಲ್ದಾಣ?"

ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಬೆಂಗಳೂರು–ಮೈಸೂರು ಮಾರ್ಗವನ್ನೇ ನೋಡಿ. 1876–78ರ ಬರಗಾಲದ ಬೆನ್ನಿಗೆ ಮೈಸೂರು ಸಂಸ್ಥಾನ ಹಾಕಿಸಿದ ಮೀಟರ್ ಗೇಜ್ ಹಳಿ 1882ರಲ್ಲಿ ಮೈಸೂರು ಮುಟ್ಟಿತು. 1990ರ ದಶಕದಲ್ಲಿ ಅದು ಇನ್ನೂ ಅಗಲದ ಬ್ರಾಡ್ ಗೇಜ್ ಆಯಿತು. ನೂರು ವರ್ಷಕ್ಕೂ ಜಾಸ್ತಿ ಕಾಲ ಮೀಟರ್ ಗೇಜ್ ರೈಲು ಓಡಿದ ಮಾರ್ಗ ಇದು. ಅಷ್ಟರಲ್ಲಿ ಇಂಥ ಮಾರ್ಗಗಳ ನಿಲ್ದಾಣಗಳಲ್ಲಿ ಒಂದು ಕಡೆ ಕೋಣೆ ಸೇರಿತು, ಇನ್ನೊಂದು ಕಡೆ ಹೆಂಚು ಹೋಗಿ ಶೀಟು ಬಂತು, ಮತ್ತೊಂದು ಕಡೆ ಪ್ಲಾಟ್‌ಫಾರ್ಮ್ ಎದ್ದಿತು. 1920ರ ನಿಲ್ದಾಣ, 1965ರ ನಿಲ್ದಾಣ, ಇವತ್ತಿನ ನಿಲ್ದಾಣ, ಮೂರೂ ಒಂದೇ ಕಟ್ಟಡ ಇರಬಹುದು. ಮಾದರಿ ಮಾಡುವವನಿಗೆ ಮಾತ್ರ ಅವು ಮೂರು ಬೇರೆ ಬೇರೆ ನಿಲ್ದಾಣಗಳು. ವರ್ಷ ಗೊತ್ತಾದ ಮೇಲೆಯೇ ಯಾವ ಮೂಲ ನಂಬಬೇಕು ಅನ್ನುವುದು ತೀರ್ಮಾನ ಆಗುವುದು.

ನನ್ನ ಲೆಕ್ಕದಲ್ಲಿ ಮೂಲಗಳು ಐದಾರು ಇವೆ. ಯಾವುದೂ ಪೂರ್ತಿ ಸತ್ಯ ಹೇಳುವುದಿಲ್ಲ. ಯಾವುದು ಯಾವುದರಲ್ಲಿ ಗಟ್ಟಿ, ಎಲ್ಲಿ ಕೈಕೊಡುತ್ತದೆ ಅಂತ ಹೇಳುತ್ತೇನೆ.

ಕಟ್ಟಡ ನಿಂತಿದ್ದರೆ ಟೇಪ್ ಹಿಡಿದು ಹೊರಡಿ

ನಿಂತಿರುವ ಕಟ್ಟಡಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಆರು ತಿಂಗಳು ಪ್ಲಾನ್ ಹುಡುಕುವ ಬದಲು ಒಂದು ಭಾನುವಾರ ಬೆಳಿಗ್ಗೆ ಹೋಗಿ ಅಳೆಯುವುದು ವಾಸಿ. 30 ಮೀಟರ್ ಟೇಪ್, 5 ಮೀಟರ್ ಸ್ಟೀಲ್ ಟೇಪ್, ರೂಲ್ ಪುಸ್ತಕ, ಪೆನ್ಸಿಲ್, ಜೊತೆಗೆ ಟೇಪಿನ ಆ ತುದಿ ಹಿಡಿಯಲು ಒಬ್ಬ ಸ್ನೇಹಿತ. ಇಷ್ಟು ಸಾಕು. ಮೊದಲು ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ, "ಸಾರ್, ಈ ಕಟ್ಟಡದ ಸಣ್ಣ ಮಾದರಿ ಮಾಡ್ತಿದ್ದೀನಿ, ಅಳತೆ ತಗೋಬಹುದಾ?" ಅಂತ ಕೇಳಿ. ಮಾಡಿದ ಹಿಂದಿನ ಮಾದರಿಯ ಫೋಟೋ ಮೊಬೈಲಿನಲ್ಲಿ ತೋರಿಸಿದರೆ ಮಾತು ಸಲೀಸಾಗುತ್ತದೆ.

ಹಳೆಯ ನಿಲ್ದಾಣಗಳೆಲ್ಲ ಅಡಿ–ಇಂಚಿನಲ್ಲಿ ಹುಟ್ಟಿದವು. ಹಾಗಾಗಿ ಅಡಿ–ಇಂಚಿನಲ್ಲೇ ಅಳೆಯಿರಿ. ಮಿಲಿಮೀಟರಿನಲ್ಲಿ 4572 ಅಂತ ಬಂದರೆ ಏನೂ ಹೊಳೆಯುವುದಿಲ್ಲ. ಅದೇ ಅಡಿಯಲ್ಲಿ ನೋಡಿದರೆ ಸರಿಯಾಗಿ 15 ಅಡಿ. ನಾನು ಅಳೆದ ಒಂದು ಸಣ್ಣ ನಿಲ್ದಾಣದಲ್ಲಿ ಮಾಸ್ತರರ ಕೋಣೆ 14 ಅಡಿ 10½ ಇಂಚು ಬಂತು. ಎರಡನೇ ಸಲ ಅಳೆದರೂ ಅಷ್ಟೇ. ಇದ್ಯಾಕೆ ಹೀಗೆ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಕಿಟಕಿ ಪಕ್ಕ ಗಾರೆ ಉದುರಿದ ಜಾಗ ಕಣ್ಣಿಗೆ ಬಿತ್ತು. ಗಾರೆಯೇ ಮುಕ್ಕಾಲು ಇಂಚು ದಪ್ಪ. ಎರಡು ಕಡೆಯ ಗೋಡೆಗೂ ಸೇರಿ ಒಂದೂವರೆ ಇಂಚು. ಅಲ್ಲಿಗೆ 15 ಅಡಿ ಸರಿಹೋಯಿತು. ಕಟ್ಟಿದ ಮೇಸ್ತ್ರಿಯ ಲೆಕ್ಕ ಒಮ್ಮೆ ಕೈಗೆ ಸಿಕ್ಕಿದರೆ ಉಳಿದ ಅಳತೆಗಳು ತಾವಾಗಿ ಹೊಂದಿಕೊಳ್ಳುತ್ತವೆ. ಎಚ್‌ಒ ಅಳತೆಯಲ್ಲಿ, ಅಂದರೆ ಅಸಲಿನ 87ನೇ ಒಂದು ಪಾಲಿನ (1:87) ರೈಲು ಮಾದರಿಗಳಲ್ಲಿ, ಒಂದು ಅಡಿಗೆ 3.5 ಮಿ.ಮೀ. ಆ ಕೋಣೆ ನನ್ನ ಕಾರ್ಡ್‌ಬೋರ್ಡ್ ಮೇಲೆ 52.5 ಮಿ.ಮೀ. ಆಗಿ ಕೂತಿದೆ.

ಎತ್ತರಕ್ಕೆ ಏಣಿ ಬೇಡ. ಇಟ್ಟಿಗೆ ಕಾಣುವ ಗೋಡೆಯಾದರೆ ಕೈಗೆಟುಕುವ ಹತ್ತು ವರಸೆ ಅಳೆಯಿರಿ, ಉಳಿದದ್ದನ್ನು ಫೋಟೋದಲ್ಲಿ ಎಣಿಸಿ. ಚಾವಣಿಗೂ ಅದೇ ಉಪಾಯ. ಕೆಳಗೆ ಬಿದ್ದಿರುವ ಒಂದು ಮಂಗಳೂರು ಹೆಂಚು ಅಳೆದುಕೊಳ್ಳಿ. ಒಂದರ ಮೇಲೊಂದು ಹೊದಿಸಿದಾಗ ಎಷ್ಟು ಹೊರಗೆ ಕಾಣುತ್ತದೆ ಅಂತ ಸೂರಿನ ಅಂಚಿನಲ್ಲಿ ನೋಡಿ, ಆಮೇಲೆ ಸಾಲು ಎಣಿಸಿ. ಇಲ್ಲೊಂದು ಎಚ್ಚರಿಕೆ. ಬಾಸೆಲ್ ಮಿಷನ್ ಹೆಂಚಿನ ಬೆನ್ನ ಮೇಲೆ 1865 ಅಂತ ಅಚ್ಚು ಕಂಡರೆ ಕಟ್ಟಡ 1865ರದು ಅಂತ ಬರೆದುಕೊಳ್ಳಬೇಡಿ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹಾಗೇ, ಎಷ್ಟೋ ನಿಲ್ದಾಣಗಳಲ್ಲಿ ಸೂರಿಗೆ ಕೊಟ್ಟ ಕಂಬಗಳು ಹಳೆಯ ಹಳಿ ತುಂಡುಗಳೇ. ಹಳಿಯ ನಡು ಭಾಗದಲ್ಲಿ ತಯಾರಿಸಿದವರ ಹೆಸರು, ವರ್ಷ ಉಬ್ಬಕ್ಷರದಲ್ಲಿ ಇರುತ್ತದೆ. ಓದಲು ಖುಷಿ. ಆದರೆ ಎಲ್ಲೋ ಸವೆದು ಕಿತ್ತ ಹಳಿಯನ್ನು ಇಲ್ಲಿ ತಂದು ನಿಲ್ಲಿಸಿರುತ್ತಾರೆ. ಕಂಬದ ವರ್ಷಕ್ಕಿಂತ ಸೂರು ಹೊಸದು ಅನ್ನುವುದಷ್ಟೇ ಅದರಿಂದ ಖಾತ್ರಿ.

ಬಣ್ಣದ ವಿಷಯಕ್ಕೂ ಕಟ್ಟಡದ ಹತ್ತಿರವೇ ಹೋಗಬೇಕು. ಬಾಗಿಲ ಚೌಕಟ್ಟಿನಲ್ಲಿ ಬಣ್ಣ ಎದ್ದಿರುವ ಜಾಗ ಹುಡುಕಿ ಭೂತಗನ್ನಡಿ ಹಿಡಿಯಿರಿ. ನನ್ನ ನಿಲ್ದಾಣದಲ್ಲಿ ಮೇಲೆ ನೀಲಿ, ಅದರಡಿ ಹಸಿರು, ಅದರಡಿ ಇನ್ನೊಂದು ಗಾಢ ಹಸಿರು, ತಳದಲ್ಲಿ ಕಾವಿಗೆಂಪು. ಕಪ್ಪು–ಬಿಳಿ ಫೋಟೋ ಎಷ್ಟು ಚೆನ್ನಾಗಿದ್ದರೂ ಆ ಕಾವಿಯನ್ನು ಹೇಳುತ್ತಿರಲಿಲ್ಲ.

ಟೇಪ್ ಎಲ್ಲಿ ಸೋಲುತ್ತದೆ? ಈಗ ಇರುವುದನ್ನು ಮಾತ್ರ ಅದು ಹೇಳುತ್ತದೆ. ಬ್ರಾಡ್ ಗೇಜ್ ಆದ ಮೇಲೆ ಎತ್ತರಿಸಿದ ಪ್ಲಾಟ್‌ಫಾರ್ಮ್ ಹಳಿ ಮಟ್ಟದಿಂದ 760ರಿಂದ 840 ಮಿ.ಮೀ. ಮೇಲಿರುತ್ತದೆ. ಹಳೆಯ ಪ್ಲಾಟ್‌ಫಾರ್ಮ್ ಇದಕ್ಕಿಂತ ಎಷ್ಟೋ ತಗ್ಗು. ಅದರಿಂದ ಹತ್ತಿ ಹೋಗುತ್ತಿದ್ದ ಕಲ್ಲಿನ ಮೆಟ್ಟಿಲು ಇವತ್ತು ನೆಲದಡಿ ಹೂತಿದೆ. ಪ್ಲಾಟ್‌ಫಾರ್ಮ್ ಕಡೆಯಿಂದ ನೋಡಿದರೆ ಕಟ್ಟಡ ಮೊಣಕಾಲೂರಿ ಕೂತ ಹಾಗೆ ಕಾಣುತ್ತದೆ, ಅಲ್ವಾ? ಊರ ಕಡೆಗೆ ಬಂದು ನೋಡಿ. ಸಾಮಾನ್ಯವಾಗಿ ಅಲ್ಲಿ ಹಳೆಯ ತಳಪಾಯ, ಮೆಟ್ಟಿಲು ಉಳಿದಿರುತ್ತವೆ. ಎತ್ತರದ ಅಳತೆ ಆ ಕಡೆಯಿಂದಲೇ ತಗೊಳ್ಳಿ.

ಇನ್ನೊಂದು ಮಾತು. ಅಳತೆಗೆ ಅಂತ ಹಳಿಗೆ ಇಳಿಯಬೇಡಿ. ಜೀವಕ್ಕೆ ಅಪಾಯ, ಜೊತೆಗೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ. ಇಳಿಯುವ ಅಗತ್ಯವೂ ಇಲ್ಲ. ಬ್ರಾಡ್ ಗೇಜ್‌ನಲ್ಲಿ ಜೋಡಿ ಹಳಿಗಳ ನಡುಗೆರೆಯಿಂದ ಪ್ಲಾಟ್‌ಫಾರ್ಮ್ ಅಂಚಿಗೆ 1670–1680 ಮಿ.ಮೀ. ಅಂತ ನಿಗದಿ ಇದೆ. ಗೋಡೆಯಿಂದ ಅಂಚಿನವರೆಗೆ ಅಳೆದು ಅದನ್ನು ಕೂಡಿಸಿದರೆ ಮುಗಿಯಿತು.

ರೈಲ್ವೆಯವರ ಸ್ವಂತ ನಕ್ಷೆ

ಎಲ್ಲರೂ ಆಸೆ ಪಡುವುದು ಇದಕ್ಕೆ. ಸಿಕ್ಕಿದರೆ ಚಿನ್ನ, ನಿಜ. ಆದರೆ ಯಾವ ನಕ್ಷೆ ಕೇಳುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು. ಎಂಜಿನಿಯರಿಂಗ್ ಸ್ಕೇಲ್ ಪ್ಲಾನ್, ಅವರ ಬಾಯಲ್ಲಿ ಇಎಸ್‌ಪಿ, ಸಾಮಾನ್ಯವಾಗಿ 1:1000ದಲ್ಲಿ ಇರುತ್ತದೆ. ಲೂಪ್ ಲೈನ್ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ) ಎಷ್ಟುದ್ದ, ಪಾಯಿಂಟ್ (ರೈಲು ಹಳಿ ಬದಲಿಸುವ ಜಾಗ) ಎಲ್ಲಿ, ಗೂಡ್ಸ್ ಶೆಡ್ ಎಷ್ಟು ದೂರ, ಇದಕ್ಕೆಲ್ಲ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ 15 ಮೀಟರ್ ಉದ್ದದ ಕಟ್ಟಡ ಅದರಲ್ಲಿ 15 ಮಿ.ಮೀ. ಚೌಕ, ಅಷ್ಟೇ. ಬಾಗಿಲು–ಕಿಟಕಿ ಬೇಕಾದರೆ ಕಟ್ಟಡದ ನಕ್ಷೆಯನ್ನೇ ಬೇರೆಯಾಗಿ ಕೇಳಬೇಕು.

ಹಳೆಯ ಕಟ್ಟಡದ ನಕ್ಷೆ 8 ಅಡಿಗೆ 1 ಇಂಚಿನ ಲೆಕ್ಕದಲ್ಲಿದ್ದರೆ ಅದು 1:96. ಜೆರಾಕ್ಸ್ ಅಂಗಡಿಯಲ್ಲಿ 110%ಗೆ ಹಿಗ್ಗಿಸಿದರೆ ಹೆಚ್ಚು ಕಡಿಮೆ 1:87 ಆಗಿಬಿಡುತ್ತದೆ. ಆದರೆ ಹಳೆಯ ಕಾಗದ ಹಿಗ್ಗಿ–ಕುಗ್ಗಿರುತ್ತದೆ. ನಕ್ಷೆಯ ಮೂಲೆಯ ಸ್ಕೇಲ್ ಪಟ್ಟಿಯನ್ನು ಮೊದಲು ಅಳೆಯಿರಿ. ಬರೆದಿರುವ ಅಂಕಿ ನಂಬಿ, ಗೆರೆಯ ಮೇಲೆ ಸ್ಕೇಲ್ ಇಟ್ಟು ಅಳೆದದ್ದನ್ನು ನಂಬಬೇಡಿ.

ನಾನು ಕಲಿತ ದೊಡ್ಡ ಪಾಠ ಬೇರೆ. ನಕ್ಷೆ ಹೇಳುವುದು ಏನು ಕಟ್ಟಬೇಕು ಅಂದುಕೊಂಡಿದ್ದರು ಅನ್ನುವುದನ್ನು. ಏನು ಕಟ್ಟಿದರು ಅನ್ನುವುದು ಬೇರೆ ಮಾತು. ಒಂದು ಮಾರ್ಗದ ಸಣ್ಣ ನಿಲ್ದಾಣಗಳಿಗೆಲ್ಲ ಒಂದೇ ಮಾದರಿ ನಕ್ಷೆ ಮಾಡಿಟ್ಟುಕೊಂಡು, ಊರು ಹಳಿಯ ಯಾವ ಕಡೆ ಇದೆ ಅಂತ ನೋಡಿ ಎಡ–ಬಲ ಅದಲುಬದಲು ಮಾಡಿ ಕಟ್ಟುತ್ತಿದ್ದರು. ಅದು ತಿಳಿಯದೆ ನಾನು ನಕ್ಷೆಯಲ್ಲಿ ಇದ್ದ ಹಾಗೇ ಟಿಕೆಟ್ ಕಿಟಕಿಯನ್ನು ಬಲಕ್ಕೆ ಕೊರೆದೆ. ಗೋಡೆ ನಾಲ್ಕೂ ಅಂಟಿಸಿ, ಚಾವಣಿ ಕೂರಿಸಿ ಆದ ಮೇಲೆ ಹಳೆಯ ಫೋಟೋ ಒಂದು ಸಿಕ್ಕಿತು. ಕಿಟಕಿ ಎಡಕ್ಕಿತ್ತು. ಎರಡು ತಿಂಗಳ ಕೆಲಸ ಬಿಚ್ಚಿ ಮತ್ತೆ ಕಟ್ಟಿದೆ.

ಕೇಳುವುದು ಎಲ್ಲಿ? ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಅದರ ವಿಭಾಗಗಳು. ಮೊದಲು ವಿಭಾಗದ ಎಂಜಿನಿಯರಿಂಗ್ ಶಾಖೆಗೆ ಒಂದು ಸರಳ ಪತ್ರ ಬರೆಯಿರಿ. ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಅರ್ಜಿಗೆ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ದೊಡ್ಡ ಹಾಳೆಯಾದರೆ ಅದರ ಖರ್ಚು. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ "ಎಲ್ಲ ನಕ್ಷೆ ಕೊಡಿ" ಅಂತ ಬರೆದರೆ ಕೆಲಸ ಕೆಡುತ್ತದೆ. ಇಂಥ ನಿಲ್ದಾಣದ ಹಳೆಯ ಕಟ್ಟಡದ ನೆಲನಕ್ಷೆ ಮತ್ತು ಮುಂಭಾಗದ ನಕ್ಷೆ ಅಂತ ಬಿಡಿಸಿ ಬರೆಯಿರಿ. ಈಗ ಬಳಕೆಯಲ್ಲಿರುವ ಸಿಗ್ನಲ್ ನಕ್ಷೆ ಕೇಳಬೇಡಿ. ಭದ್ರತೆಯ ಕಾರಣಕ್ಕೆ ನಿರಾಕರಿಸಬಹುದು, ಆ ಜೊತೆಗೆ ಉಳಿದದ್ದೂ ನಿಂತುಹೋಗಬಹುದು.

ಹಳೆಯ ಕಾಗದಕ್ಕೆ ವಂಶವೃಕ್ಷ ತಿಳಿದಿರಬೇಕು. ನೈಋತ್ಯ ರೈಲ್ವೆ ಹುಟ್ಟಿದ್ದು 2003ರಲ್ಲಿ. ಅದಕ್ಕೂ ಮುಂಚೆ ಬೆಂಗಳೂರು, ಮೈಸೂರು ವಿಭಾಗಗಳು ಚೆನ್ನೈನ ದಕ್ಷಿಣ ರೈಲ್ವೆಗೆ ಸೇರಿದ್ದವು, ಹುಬ್ಬಳ್ಳಿ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ. ಇನ್ನೂ ಹಿಂದೆ ಹೋದರೆ 1951ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್, ಮೈಸೂರು ಸ್ಟೇಟ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆಗಿದ್ದು. ನಿಮ್ಮ ನಿಲ್ದಾಣ ಕಟ್ಟಿದ್ದು ಯಾರು, ನಡೆಸಿದ್ದು ಯಾರು ಅಂತ ಗೊತ್ತಿಲ್ಲದೆ ಹುಡುಕಿದರೆ ಸುತ್ತಿದಲ್ಲೇ ಸುತ್ತುತ್ತೀರಿ.

ದಾಖಲೆ ಭಂಡಾರಗಳು

ಕಟ್ಟಡ ಸಂಸ್ಥಾನದ ಕಾಲದ್ದಾಗಿದ್ದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಮೈಸೂರು ಸರ್ಕಾರದ ಹಳೆಯ ಕಡತಗಳು ಅಲ್ಲಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳ ಪಟ್ಟಿಯನ್ನು ಅಭಿಲೇಖ್ ಪಟಲ್ ತಾಣದಲ್ಲಿ ಮನೆಯಿಂದಲೇ ನೋಡಬಹುದು. ಲಂಡನ್ನಿನಿಂದ ನಡೆಯುತ್ತಿದ್ದ ರೈಲ್ವೆ ಕಂಪನಿಗಳ ಕಾಗದಗಳಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು.

ನನ್ನ ಅನುಭವದಲ್ಲಿ ಇಲ್ಲಿ ನಕ್ಷೆಗಿಂತ ಜಾಸ್ತಿ ಸಿಗುವುದು ಮಾತು. ಖರ್ಚಿನ ಅಂದಾಜು, ಕಂಟ್ರಾಕ್ಟರ್ ಬಿಲ್ಲು, "ಗೂಡ್ಸ್ ಶೆಡ್ಡಿನ ಸೂರು ವಿಸ್ತರಿಸಲು ಮಂಜೂರಾತಿ" ಅನ್ನುವಂಥ ಪತ್ರ. ಅಳತೆಗೆ ಇದು ಉಪಯೋಗವಿಲ್ಲ, ಆದರೆ ವರ್ಷಕ್ಕೆ ಇದೇ ಆಧಾರ. ಯಾವ ಕೋಣೆ ಯಾವಾಗ ಸೇರಿತು ಅಂತ ತೀರ್ಮಾನ ಮಾಡುವುದು ಇಂಥ ಒಂದು ಹಾಳೆಯಿಂದಲೇ. ಸಮಯ ಇದ್ದವರಿಗೆ ಒಳ್ಳೆಯದು. ದೀಪಾವಳಿಯೊಳಗೆ ಮಾದರಿ ಮುಗಿಸಬೇಕು ಅನ್ನುವವರು ಇದನ್ನು ಬಿಡಬಹುದು.

ಬೇರೆಯವರು ಅಳೆದಿಟ್ಟ ನಕ್ಷೆ

ಇದನ್ನು ಮರೆಯುವವರೇ ಜಾಸ್ತಿ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಮಾರ್ಗ 1915ರ ಹೊತ್ತಿಗೆ 2 ಅಡಿ 6 ಇಂಚಿನ ನ್ಯಾರೋ ಗೇಜ್ ಆಗಿ ಬಂದದ್ದು. ಅಲ್ಲಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಹಳೆಯ ಕಟ್ಟಡ ಉಳಿಸಲು ಪಾರಂಪರಿಕ ತಾಣಗಳ ರಕ್ಷಣೆಗಿರುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಕೆಲಸ ಮಾಡಿದೆ. ಹಳೆಯ ಕಟ್ಟಡ ದುರಸ್ತಿಗೆ ಕೈ ಹಾಕುವ ಮೊದಲು ಅದನ್ನು ಇಂಚಿಂಚೂ ಅಳೆದು ಬರೆಯುವುದು ವಾಸ್ತುಶಿಲ್ಪಿಗಳ ಪದ್ಧತಿ. ಆರ್ಕಿಟೆಕ್ಚರ್ ಕಾಲೇಜುಗಳಲ್ಲೂ ಹಳೆಯ ಕಟ್ಟಡ ಅಳೆದು ಬರೆಯುವ ಅಭ್ಯಾಸ ಪಾಠದ ಭಾಗ. ಅಂಥ ಹಾಳೆ ಸಿಕ್ಕಿದರೆ ನಿಮ್ಮ ಟೇಪಿನ ಅರ್ಧ ಕೆಲಸ ಮುಗಿದಂತೆ. ವಿನಯದಿಂದ ಕೇಳಿ, ಮಾದರಿಯ ಪಕ್ಕದಲ್ಲಿ ಅವರ ಹೆಸರು ಹಾಕಿ.

ಒಂದು ಕೊರತೆ ಇದೆ. ಅವರ ಕಣ್ಣು ಕಟ್ಟಡದ ಮೇಲೆ ಇರುತ್ತದೆ, ಹಳಿಯ ಮೇಲಲ್ಲ. ಲ್ಯಾಂಪ್ ರೂಮು, ನೀರಿನ ಕಂಬ, ಪಾಯಿಂಟ್ಸ್‌ಮನ್ ವಸತಿ ಅದರಲ್ಲಿ ಸಿಗುವುದು ಅಪರೂಪ.

ಅಂದ ಹಾಗೆ, ಆ ನ್ಯಾರೋ ಗೇಜ್ ಕಾಲವನ್ನು ಮಾಡುವವರಿಗೆ ಒಂದು ಅನುಕೂಲ ಇದೆ. 2 ಅಡಿ 6 ಇಂಚು, ಅಂದರೆ 762 ಮಿ.ಮೀ. ಅಗಲದ ಹಳಿ 1:87ರಲ್ಲಿ 8.76 ಮಿ.ಮೀ. ಆಗುತ್ತದೆ. ಅಂಗಡಿಯಲ್ಲಿ ಸಿಗುವ 9 ಮಿ.ಮೀ. ಹಳಿ ಹೆಚ್ಚು ಕಡಿಮೆ ಅದೇ. ಮೀಟರ್ ಗೇಜ್‌ಗೆ 12 ಮಿ.ಮೀ. ಹಳಿ ಹೊಂದುತ್ತದೆ. ಬ್ರಾಡ್ ಗೇಜ್‌ಗೆ 19 ಮಿ.ಮೀ. ಮೇಲೆ ಬೇಕು, ಸಿಗುವುದು 16.5. ನೋಡಿದ ಕೂಡಲೇ ಕಿರಿದು ಅಂತ ಗೊತ್ತಾಗುತ್ತದೆ.

ಫೋಟೋ

ಕಾಲ ಹೇಳುವುದರಲ್ಲಿ ಫೋಟೋ ಎಲ್ಲಕ್ಕಿಂತ ಮೇಲು, ಅಳತೆ ಹೇಳುವುದರಲ್ಲಿ ನಡುಮಟ್ಟ. ಐಆರ್‌ಎಫ್‌ಸಿಎ ಅನ್ನುವ ರೈಲು ಅಭಿಮಾನಿಗಳ ತಾಣದ ಚಿತ್ರಸಂಗ್ರಹದಲ್ಲಿ ಮೀಟರ್ ಗೇಜ್ ಕಾಲದ ಎಷ್ಟೋ ಚಿತ್ರಗಳಿವೆ. ನಿವೃತ್ತ ರೈಲ್ವೆ ನೌಕರರ ಮನೆ ಆಲ್ಬಮ್ ಇನ್ನೂ ಒಳ್ಳೆಯದು. ವರ್ಗಾವಣೆಯ ದಿನ ಎಲ್ಲರೂ ನಿಲ್ದಾಣದ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಇರುತ್ತದೆ. ಮನುಷ್ಯರ ಹಿಂದೆ ಬಾಗಿಲು, ಬೋರ್ಡು, ದೀಪ ಎಲ್ಲ ಸ್ಪಷ್ಟ.

ಫೋಟೋದಿಂದ ಅಳತೆ ತೆಗೆಯಲು ಗೊತ್ತಿರುವ ಒಂದು ಉದ್ದ ಬೇಕು. ಮೀಟರ್ ಗೇಜ್ ಹಳಿಗಳ ಒಳ ಅಂಚಿನ ನಡುವೆ 1000 ಮಿ.ಮೀ. ಅದು ಹಳಿ ಇರುವ ಜಾಗಕ್ಕೆ ಮಾತ್ರ ಸರಿ, ಹತ್ತು ಅಡಿ ಹಿಂದಿನ ಗೋಡೆಗೆ ಅಲ್ಲ. ಗೋಡೆಗೆ ಗೋಡೆಯದೇ ಬಾಗಿಲು ಅಥವಾ ಇಟ್ಟಿಗೆ ಬಳಸಿ. ಮನುಷ್ಯರ ಎತ್ತರವನ್ನು ಅಳತೆಗೋಲು ಮಾಡಬೇಡಿ. ನೀವೇ ತೆಗೆಯುವಾಗ ಗೋಡೆಗೆ ನೇರವಾಗಿ, ಆದಷ್ಟು ದೂರದಿಂದ, ಜೂಮ್ ಮಾಡಿ ತೆಗೆಯಿರಿ. ಮೊಬೈಲಿನ ಅಗಲ ಲೆನ್ಸ್ ಗೋಡೆಯನ್ನು ಬಾಗಿಸುತ್ತದೆ. ಗೋಡೆಗೆ ಅಡಿ ಅಡಿಗೆ ಕೆಂಪು–ಬಿಳಿ ಬಳಿದ ಕೋಲೊಂದು ಒರಗಿಸಿಟ್ಟರೆ ಆಮೇಲೆ ಎಷ್ಟೋ ಉಪಕಾರ.

ಭೂಪಟ, ಉಪಗ್ರಹ ಚಿತ್ರ

ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಮಾರ್ಗ ಯಾವ ಕಡೆ ತಿರುಗುತ್ತದೆ, ಕೆರೆ ಎಲ್ಲಿ, ರಸ್ತೆ ಎಲ್ಲಿ ದಾಟುತ್ತದೆ ಅನ್ನುವುದು ತಿಳಿಯುತ್ತದೆ. ನಿಲ್ದಾಣ ಅಂದರೆ ಒಂದು ಗುರುತು ಮಾತ್ರ. ಉಪಗ್ರಹ ಚಿತ್ರದಲ್ಲಿ ಚಾವಣಿಯ ಉದ್ದಗಲ ಸಿಗುತ್ತದೆ, ಆದರೆ ಅದು ಸೂರಿನ ಅಂಚಿನ ಅಳತೆ, ಗೋಡೆಯದಲ್ಲ. ಹಿನ್ನೆಲೆಗೆ ಬಳಸಿ, ಕಟ್ಟಡಕ್ಕೆ ಬೇಡ.

ಕಟ್ಟಡವೇ ಇಲ್ಲದಿದ್ದರೆ

ಆಗ ಒಡಹುಟ್ಟಿದ ನಿಲ್ದಾಣ ಹುಡುಕಬೇಕು. ಮೇಲೆ ಹೇಳಿದೆನಲ್ಲ, ಒಂದು ಮಾರ್ಗಕ್ಕೆ ಒಂದೇ ಮಾದರಿ ನಕ್ಷೆ ಅಂತ. ನನಗೆ ಏಟು ಕೊಟ್ಟ ಅದೇ ಪದ್ಧತಿ ಇಲ್ಲಿ ಕೈ ಹಿಡಿಯುತ್ತದೆ. ನಿಮ್ಮ ನಿಲ್ದಾಣ ಕೆಡವಿದ್ದರೆ ಅದೇ ಮಾರ್ಗದಲ್ಲಿ, ಅದೇ ಕಾಲದಲ್ಲಿ, ಅದೇ ದರ್ಜೆಯಲ್ಲಿ ಕಟ್ಟಿದ ಇನ್ನೊಂದು ಎಲ್ಲೋ ನಿಂತಿರಬಹುದು. ಅದನ್ನು ಅಳೆಯಿರಿ. ಆಮೇಲೆ ನಿಮ್ಮ ನಿಲ್ದಾಣದ ಒಂದೇ ಒಂದು ಫೋಟೋ ಸಿಕ್ಕಿದರೂ ಸಾಕು. ಬಾಗಿಲು ಎಷ್ಟು, ಕಮಾನು ಇದೆಯೋ ಇಲ್ಲವೋ, ಎಡ–ಬಲ ಸರಿಯೇ ಅಂತ ಹೋಲಿಸಿ ನೋಡಬಹುದು.

ಜನರನ್ನೂ ಕೇಳಿ. ನಾನು ಹೋದ ಊರಲ್ಲಿ ನಿಲ್ದಾಣದ ಎದುರು ಟೀ ಅಂಗಡಿಯಲ್ಲಿ ಕೂತಿದ್ದ ನಿವೃತ್ತ ಪಾಯಿಂಟ್ಸ್‌ಮನ್ ಒಬ್ಬರನ್ನು, "ಅಜ್ಜಾ, ಇಲ್ಲಿ ಎಂಜಿನ್ನಿಗೆ ನೀರು ಹಿಡೀತಿದ್ದದ್ದು ಎಲ್ಲಿ?" ಅಂತ ಕೇಳಿದೆ. ಅವರು ಮಾತಾಡದೆ ಎದ್ದು ಬಂದು, ಬೇಲಿಯ ಆಚೆ ಹುಲ್ಲಿನಲ್ಲಿ ಕೋಲಿನಿಂದ ಕುಟ್ಟಿದರು. ಠಣ್ ಅಂತು. ನೀರಿನ ಕಂಬದ ಕಬ್ಬಿಣದ ತಳ. ಯಾವ ನಕ್ಷೆಯಲ್ಲೂ ನನಗದು ಸಿಕ್ಕಿರಲಿಲ್ಲ. ಸಿಗ್ನಲ್, ದೀಪಗಳಂಥ ಬಿಡಿ ವಸ್ತುಗಳ ಆಕಾರಕ್ಕೆ 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ ಇದೆ. ಅಲ್ಲಿ ಹತ್ತಿರ ನಿಂತು ನೋಡಬಹುದು.

ಹೊರದೇಶದಲ್ಲಿದ್ದು ಅಲ್ಲಿನ ನಿಲ್ದಾಣ ಮಾಡುವವರಿಗೆ

ಅಲ್ಲಿ ಲೆಕ್ಕ ತಿರುಗಾಮುರುಗಾ. ಅಮೆರಿಕದಲ್ಲಿ 1933ರಿಂದ ನಡೆಯುತ್ತಿರುವ ಐತಿಹಾಸಿಕ ಕಟ್ಟಡಗಳ ಸರ್ವೆ ಇದೆ. ಅದರ ಅಳತೆ ನಕ್ಷೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಹಾಗಾಗಿ ಅಲ್ಲಿ ನಕ್ಷೆಯಿಂದ ಶುರು ಮಾಡಿ. ಬ್ರಿಟನ್ನಿನಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಅಲ್ಲಿನ ಭೂಪಟ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ 1:2500ರ ಹಳೆಯ ಹಾಳೆಗಳಿವೆ. ಹಳಿಗಳ ಜೋಡಣೆಯೂ ಕಾಣುವಷ್ಟು ವಿವರ. 100 ಅಡಿಯ ಕಟ್ಟಡ ಅದರಲ್ಲಿ 12 ಮಿ.ಮೀ. ಬರುತ್ತದೆ. ನಮ್ಮ ಸಣ್ಣ ನಿಲ್ದಾಣಗಳಿಗೆ ಅಂಥದ್ದು ಕೈಗೆ ಸಿಗುವುದು ಕಷ್ಟ. ಅದಕ್ಕೇ ಇಲ್ಲಿ ನಾನು ಟೇಪನ್ನು ಮೊದಲಿಟ್ಟದ್ದು.

ಎಲ್ಲವನ್ನೂ ಒಂದೇ ಹಾಳೆಗೆ ತರುವಾಗ

ಮೂಲಗಳು ಜಗಳ ಆಡಿದಾಗ ನಾನು ಹೀಗೆ ತೀರ್ಮಾನ ಮಾಡುತ್ತೇನೆ. ಅಳತೆಯಲ್ಲಿ ಟೇಪ್ ಹೇಳಿದ್ದೇ ಸರಿ. ಇತ್ತೋ ಇಲ್ಲವೋ ಅನ್ನುವುದರಲ್ಲಿ ಆ ವರ್ಷದ ಫೋಟೋ ಸರಿ. ಯಾರ್ಡಿನ ವಿಷಯದಲ್ಲಿ ರೈಲ್ವೆ ನಕ್ಷೆ ಸರಿ. ಯಾರ್ಡನ್ನು ಕುಗ್ಗಿಸದೆ ಗತಿಯಿಲ್ಲ. 300 ಮೀಟರ್ ಲೂಪ್ ಲೈನ್ 1:87ರಲ್ಲೂ ಮೂರೂವರೆ ಮೀಟರ್ ಹತ್ತಿರ ಆಗುತ್ತದೆ, ಅಷ್ಟು ಜಾಗ ಯಾರ ಮನೆಯಲ್ಲಿದೆ? ಹಳಿಯನ್ನು ಕುಗ್ಗಿಸಿ, ಕಟ್ಟಡವನ್ನು ಕುಗ್ಗಿಸಬೇಡಿ. ಬಾಗಿಲ ಅಳತೆ ಒಂದು ಸಲ ತಪ್ಪಿದರೆ ಪಕ್ಕದಲ್ಲಿ ನಿಲ್ಲಿಸಿದ ಪೋರ್ಟರ್ ಗೊಂಬೆಯೇ ಅದನ್ನು ಹೇಳಿಬಿಡುತ್ತದೆ.

ನನ್ನ ಹಾಳೆಯಲ್ಲಿ ಮೂರು ಬಣ್ಣದ ಗೆರೆಗಳಿವೆ. ನಾನೇ ಅಳೆದದ್ದು ಕಪ್ಪು, ನಕ್ಷೆ ಅಥವಾ ಫೋಟೋದಿಂದ ಬಂದದ್ದು ನೀಲಿ, ಊಹೆ ಮಾಡಿದ್ದು ಕೆಂಪು. ಶುರುವಿನಲ್ಲಿ ಅರ್ಧ ಹಾಳೆ ಕೆಂಪಿತ್ತು. ಈಗ ಉಳಿದಿರುವುದು ಲ್ಯಾಂಪ್ ರೂಮಿನ ಹಿಂಗೋಡೆ ಮತ್ತು ನೆಲದಡಿ ಹೂತ ಮೆಟ್ಟಿಲುಗಳು. ಊರ ಕಡೆ ಮೂರು ಮೆಟ್ಟಿಲಿದೆ, ಪ್ಲಾಟ್‌ಫಾರ್ಮ್ ಕಡೆ ಎಷ್ಟಿತ್ತು ಅಂತ ಮುಂದಿನ ಸಲ ಆ ಅಜ್ಜನನ್ನೇ ಕೇಳಬೇಕು.